ಹೋಲುವ ಬ್ರ್ಯಾಂಡ್ ಹೆಸರಿನ ತಕರಾರು: ಲೇಬಲ್ ಅಚ್ಚಿಗೆ ಕೊಡುವ ಮೊದಲಿನಿಂದ ನೋಟಿಸ್ ಎದುರಿಸುವವರೆಗೆ ಸಮಗ್ರ ಮಾರ್ಗದರ್ಶಿ

"ವೆಬ್‌ಸೈಟಿನಲ್ಲಿ ಹುಡುಕಿದೆವು, ಆ ಹೆಸರು ಯಾರ ಹತ್ತಿರವೂ ಇರಲಿಲ್ಲ. ಆದರೂ ಅರ್ಜಿಗೆ ಆಕ್ಷೇಪಣೆ ಬಂತು." ಸಾಂಬಾರ್ ಪುಡಿ, ಅಗರಬತ್ತಿ, ಸೀರೆ, ಕ್ಲಿನಿಕ್, ವ್ಯಾಪಾರ ಯಾವುದೇ ಇರಲಿ, ಟ್ರೇಡ್‌ಮಾರ್ಕ್ (ವ್ಯಾಪಾರದ ಗುರುತಿನ ನೋಂದಣಿ) ಅರ್ಜಿ ಹಾಕಿದವರ ದೂರು ಬಹುಮಟ್ಟಿಗೆ ಇದೇ. ಎಡವುವ ಜಾಗವೂ ಒಂದೇ. ತಾವು ಬರೆಯುವ ಕಾಗುಣಿತದಲ್ಲಷ್ಟೇ ಹುಡುಕಿ, ಸಿಗಲಿಲ್ಲ ಎಂದು ನೆಮ್ಮದಿಯಾಗುತ್ತಾರೆ. ಕಾನೂನು ಕೇಳುವ ಪ್ರಶ್ನೆ ಬೇರೆ: ಅಂಗಡಿಯ ಮುಂದೆ ನಿಂತ ಗಿರಾಕಿಗೆ ಈ ಹೆಸರು ಹೇಗೆ ಕೇಳಿಸುತ್ತದೆ, ಅರೆಬರೆ ನೆನಪಿನಲ್ಲಿ ಅದು ಇನ್ನೊಬ್ಬರ ಹೆಸರಿನ ಜೊತೆ ಬೆರೆತುಹೋಗುತ್ತದೆಯೇ?

ಇಲ್ಲಿರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮತ್ತು 2017ರ ನಿಯಮಗಳ ಪ್ರಕಾರ ಮಾಡಬೇಕಾದ ಕೆಲಸಗಳ ಸರಣಿ. ಮೊದಲ ಐದು ಹಂತಗಳನ್ನು ಸ್ವಲ್ಪ ತಾಳ್ಮೆ ಇದ್ದವರು ತಾವೇ ಮಾಡಿಕೊಳ್ಳಬಹುದು. ಏಳನೆಯ ಹಂತದಿಂದ ಮುಂದೆ ವಕೀಲರಿಲ್ಲದೆ ಹೋಗಬೇಡಿ. ಹಂತಗಳ ಕ್ರಮ ತಪ್ಪಿಸಬೇಡಿ, ಅದರಲ್ಲೂ ಮೂರು ಮತ್ತು ನಾಲ್ಕನ್ನು ಮುಗಿಸದೆ ಪ್ರಿಂಟಿಂಗ್ ಪ್ರೆಸ್ಸಿಗೆ ಕಾಲಿಡಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದವು

ಟ್ರೇಡ್‌ಮಾರ್ಕ್ ಕಚೇರಿಯ ಐಪಿ ಇಂಡಿಯಾ ಜಾಲತಾಣದ ಸಾರ್ವಜನಿಕ ಹುಡುಕಾಟದ ಪುಟ, ಅದಕ್ಕೆ ಒಟಿಪಿ ಬರುವ ಮೊಬೈಲ್ ಅಥವಾ ಇಮೇಲ್, ಸಿಕ್ಕಿದ್ದನ್ನೆಲ್ಲ ಬರೆದಿಡಲು ಒಂದು ಎಕ್ಸೆಲ್ ಹಾಳೆ. ಅರ್ಜಿಯನ್ನು ಆನ್‌ಲೈನಿನಲ್ಲಿ ನೀವೇ ಹಾಕುವುದಾದರೆ ಡಿಜಿಟಲ್ ಸಹಿ ಬೇಕು. ಸಣ್ಣ ಉದ್ಯಮದ ರಿಯಾಯಿತಿ ಶುಲ್ಕಕ್ಕೆ ಉದ್ಯಮ್ ಪ್ರಮಾಣಪತ್ರ ಬೇಕು. ಈಗಾಗಲೇ ವ್ಯಾಪಾರ ನಡೆಯುತ್ತಿದ್ದರೆ ಬ್ರ್ಯಾಂಡ್ ಹೆಸರು ಅಚ್ಚಾಗಿರುವ ಹಳೆಯ ಬಿಲ್ಲುಗಳು, ಲೇಬಲ್ ಮಾಡಿಸಿದ ಪ್ರೆಸ್ಸಿನ ರಸೀದಿ, ಜಾಹೀರಾತಿನ ತುಣುಕುಗಳನ್ನು ಒಂದೆಡೆ ಇಟ್ಟುಕೊಳ್ಳಿ.

ಜಿಎಸ್‌ಟಿ ನಂಬರು, ಎಫ್‌ಎಸ್‌ಎಸ್‌ಎಐ ಪರವಾನಗಿ, ಉದ್ಯಮ್ ನೋಂದಣಿ, ಡೊಮೇನ್, ಇನ್‌ಸ್ಟಾಗ್ರಾಂ ಖಾತೆ, ಇವುಗಳಲ್ಲಿ ಯಾವುದೂ ಹೆಸರಿನ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. ಕಂಪನಿ ನೋಂದಣಿಯಲ್ಲಿ ಹೆಸರು ಮಂಜೂರಾದ ಮಾತ್ರಕ್ಕೂ ಗೆದ್ದಂತಲ್ಲ. ಅದು ತನ್ನ ನೋಂದಾಯಿತ ಗುರುತನ್ನು ಹೋಲುತ್ತದೆ ಎಂದು ಟ್ರೇಡ್‌ಮಾರ್ಕ್ ಮಾಲೀಕ ಮೂರು ವರ್ಷದೊಳಗೆ ದೂರು ಕೊಟ್ಟರೆ ಕಂಪನಿಯ ಹೆಸರನ್ನೇ ಬದಲಿಸಬೇಕಾಗಬಹುದು.

## ಹಂತ 1: ಹೆಸರಿಗೆ ಸ್ವಂತ ಕಸುವಿದೆಯೇ ನೋಡಿ

ಸರಕಿನ ಗುಣವನ್ನೋ ಊರನ್ನೋ ನೇರವಾಗಿ ಹೇಳುವ ಹೆಸರನ್ನು ಕಲಂ 9ರ ಅಡಿ ತಿರಸ್ಕರಿಸಬಹುದು. "ಶುದ್ಧ", "ತಾಜಾ", "ಮನೆರುಚಿ", "ಮಲೆನಾಡು" ಈ ಸಾಲಿನವು. ಇಂಥ ಹೆಸರು ಹೇಗೋ ನೋಂದಣಿಯಾದರೂ ಪಕ್ಕದವನು ಅದೇ ಪದ ಬಳಸಿದಾಗ ತಡೆಯುವುದು ಕಷ್ಟ. ಹೋಟೆಲ್ ಬೋರ್ಡಿನ ಮೇಲಿನ "ಉಡುಪಿ" ಎಂಬ ಪದವನ್ನು ಒಬ್ಬರೇ ಹಿಡಿದಿಟ್ಟುಕೊಳ್ಳಲಾಗದು. ಅಂಥ ಹೆಸರಿನಲ್ಲಿ ಭಾರ ಹೊರಬೇಕಾದ್ದು ಉಳಿದ ಪದ. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡ, ಮೈಸೂರು ರೇಷ್ಮೆಯಂಥವು ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದವು, ಅವುಗಳ ನಿಯಮವೇ ಬೇರೆ. ಅವನ್ನು ಬ್ರ್ಯಾಂಡ್ ಹೆಸರಿನೊಳಗೆ ತುರುಕಬೇಡಿ.

ದೇವರು, ಪುರಾಣದ ಹೆಸರುಗಳ ಮೋಹ ನಮ್ಮಲ್ಲಿ ಜಾಸ್ತಿ. ಅಗರಬತ್ತಿಗೆ ಸಂಬಂಧಿಸಿದ "ರಾಮಾಯಣ" ಎಂಬ ಗುರುತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು, ಧರ್ಮಗ್ರಂಥದ ಹೆಸರನ್ನೇ ಒಬ್ಬ ವ್ಯಾಪಾರಿ ತನ್ನ ಸ್ವತ್ತೆಂದು ಹೇಳಿಕೊಳ್ಳುವಂತಿಲ್ಲ ಎಂದು. ಜೊತೆಗೆ ಬೇರೆ ಪದ ಸೇರಿ ಒಟ್ಟು ಹೆಸರಿಗೆ ಪ್ರತ್ಯೇಕ ಗುರುತು ಬಂದರೆ ಮಾತು ಬೇರೆ. ನನ್ನ ಸಲಹೆ ಕೇಳಿದರೆ, ಸರಕಿಗೆ ಸಂಬಂಧವೇ ಇಲ್ಲದ ಪದವನ್ನೋ ಹೊಸದಾಗಿ ಕಟ್ಟಿದ ಪದವನ್ನೋ ಇಡಿ. ಮಾರ್ಕೆಟಿಂಗ್‌ನವರು ಗೊಣಗಿದರೂ ಪರವಾಗಿಲ್ಲ.

ಮುಂದಿನ ವಿವರಣೆಗೆ "ಸಿರಿತುಂಗೆ" ಎಂಬ ಸಾಂಬಾರ್ ಪುಡಿಯನ್ನು ಕಲ್ಪಿಸಿಕೊಳ್ಳೋಣ.

## ಹಂತ 2: ವರ್ಗ ಗುರುತಿಸಿ

ಸರಕು ಮತ್ತು ಸೇವೆಗಳನ್ನು ಒಟ್ಟು 45 ವರ್ಗಗಳಾಗಿ ಹಂಚಲಾಗಿದೆ. 1ರಿಂದ 34 ಸರಕು, 35ರಿಂದ 45 ಸೇವೆ. ಸಾಂಬಾರ್ ಪುಡಿ, ಕಾಫಿ, ಚಹಾ, ಹಿಟ್ಟು, ಬಿಸ್ಕತ್ತು 30ನೇ ವರ್ಗ. ಹಾಲು, ತುಪ್ಪ, ಅಡುಗೆ ಎಣ್ಣೆ, ಉಪ್ಪಿನಕಾಯಿ 29. ತಾಜಾ ಹಣ್ಣು-ತರಕಾರಿ 31. ಹೋಟೆಲ್ ಮತ್ತು ಕೇಟರಿಂಗ್ 43. ಸೋಪು, ಅಗರಬತ್ತಿ 3. ಔಷಧ 5. ಸಿದ್ಧ ಉಡುಪು 25, ಥಾನು ಬಟ್ಟೆ 24. ಸೀರೆ ವ್ಯಾಪಾರಿಗಳು ಈ ಎರಡನ್ನೂ ನೋಡಬೇಕು. ಅಂಗಡಿ ಮಳಿಗೆ ನಡೆಸುವ ಸೇವೆ 35.

ಎರಡು ತಪ್ಪು ಇಲ್ಲಿ ಪದೇ ಪದೇ ಆಗುತ್ತವೆ. "ಬೇರೆ ವರ್ಗದಲ್ಲಿ ಇದ್ದಾರೆ, ನಮಗೇನು" ಎನ್ನುವುದು ಒಂದು. ವರ್ಗಗಳು ಕಚೇರಿಯ ಅನುಕೂಲಕ್ಕೆ ಮಾಡಿಕೊಂಡ ಗೂಡುಗಳು. 30ರ ಸಾಂಬಾರ್ ಪುಡಿಯೂ 29ರ ಉಪ್ಪಿನಕಾಯಿಯೂ ಕಿರಾಣಿ ಅಂಗಡಿಯ ಒಂದೇ ಕಪಾಟಿನಲ್ಲಿ ಕೂರುತ್ತವೆ. ಇನ್ನೊಂದು ತಪ್ಪು ಇದರ ತಲೆಕೆಳಗು: ಒಂದೇ ವರ್ಗ ಎಂದ ಕೂಡಲೇ ಕೈಚೆಲ್ಲುವುದು. ನಂದಿನಿ ಪ್ರಕರಣ ನೆನಪಿಡಿ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ "ನಂದಿನಿ" ಹೆಸರಿನಲ್ಲಿ ಹಾಲು ಮಾರುತ್ತಿತ್ತು. 1989ರಲ್ಲಿ ಶುರುವಾದ ನಂದಿನಿ ಡಿಲಕ್ಸ್ ರೆಸ್ಟೋರೆಂಟಿನವರು 29 ಮತ್ತು 30ನೇ ವರ್ಗಗಳಲ್ಲಿ ತಮ್ಮ ಗುರುತಿನ ನೋಂದಣಿ ಕೇಳಿದರು. ಮಂಡಳದ ವಿರೋಧ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರಕು ಬೇರೆ, ಲೋಗೊಗಳ ನೋಟ ಬೇರೆ, ನಂದಿನಿ ಎಂಬುದು ಯಾರೂ ಹೊಸದಾಗಿ ಸೃಷ್ಟಿಸಿದ ಪದವೂ ಅಲ್ಲ ಎಂದು ಕೋರ್ಟ್ 2018ರ ಜುಲೈನಲ್ಲಿ ರೆಸ್ಟೋರೆಂಟಿನ ಪರ ತೀರ್ಪು ಕೊಟ್ಟಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು. ಆ ಒಂದು ಹೊರಗಿಡುವಿಕೆಯಲ್ಲೇ ನಿಮಗೆ ಬೇಕಾದ ಪಾಠವಿದೆ: ಮಾರದ ಸರಕನ್ನು ಅರ್ಜಿಯ ಪಟ್ಟಿಯಲ್ಲಿ ಬರೆದು ಇಲ್ಲದ ಜಗಳ ತಂದುಕೊಳ್ಳಬೇಡಿ.

## ಹಂತ 3: ಕಿವಿಯಿಂದ ಹುಡುಕಿ

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಹುಡುಕಾಟದ ಪುಟದಲ್ಲಿ ಪದದ ಆರಂಭ, ಪದದ ಒಳಗೆ, ಪೂರ್ತಿ ಹೊಂದಾಣಿಕೆ ಎಂಬ ಆಯ್ಕೆಗಳಿವೆ. ಉಚ್ಚಾರಕ್ಕೆಂದೇ ಪ್ರತ್ಯೇಕ ಹುಡುಕಾಟವೂ ಇದೆ. ಅದನ್ನು ಬಳಸಿ, ಆದರೆ ಕನ್ನಡ ಪದಗಳ ಮಟ್ಟಿಗೆ ಅದರ ಮೇಲೇ ಭಾರ ಹಾಕಬೇಡಿ. ನಮ್ಮ ಹೆಸರನ್ನು ರೋಮನ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಅವನ್ನೆಲ್ಲ ನೀವೇ ಕೈಯಾರೆ ಹಾಕಿ ನೋಡಬೇಕು.

1. ಹೆಸರನ್ನು ತುಂಡು ಮಾಡಿ. "ಸಿರಿ", "ತುಂಗೆ", "ತುಂಗಾ", "ಸಿರಿತುಂಗೆ" ನಾಲ್ಕನ್ನೂ ಬೇರೆ ಬೇರೆಯಾಗಿ ಹುಡುಕಿ.

2. ಕಾಗುಣಿತ ಬದಲಿಸಿ. "ತ"ಗೆ ಟಿ ಒಂದೇ ಹಾಕಿ, ಆಮೇಲೆ ಟಿಎಚ್ ಹಾಕಿ. "ಸಿ"ಯನ್ನು ಎಸ್‌ನಿಂದಲೂ ಎಸ್‌ಎಚ್‌ನಿಂದಲೂ ಬರೆಯಿರಿ. ದೀರ್ಘಕ್ಕೆ ಐ, ಡಬಲ್ ಇ. "ವ"ಗೆ ವಿ, ಡಬ್ಲ್ಯು. ಕಾವೇರಿಯನ್ನು ಕೆ ಅಕ್ಷರದಿಂದ ಬರೆಯುವವರೂ ಇದ್ದಾರೆ, ಸಿ ಅಕ್ಷರದಿಂದ ಬರೆಯುವವರೂ ಇದ್ದಾರೆ. "ಶ್ರೀ"ಯೊಂದಕ್ಕೇ ನಾಲ್ಕಾರು ರೂಪ ಸಿಗುತ್ತವೆ. ಪದದ ನಡುವಿನ ಜಾಗ ತೆಗೆದೂ ನೋಡಿ, ಸೇರಿಸಿಯೂ ನೋಡಿ.

3. ಪ್ರಾಸದ ಮತ್ತು ಅರ್ಥದ ನೆಂಟರನ್ನು ಹುಡುಕಿ. "ಶ್ರೀತುಂಗಾ", "ಸಿರಿಗಂಗೆ", "ತುಂಗಾಸಿರಿ" ಇಂಥವು. 1962ರಲ್ಲಿ ಸುಪ್ರೀಂ ಕೋರ್ಟ್ "ಅಮೃತಧಾರಾ" ಮತ್ತು "ಲಕ್ಷ್ಮಣಧಾರಾ" ಒಂದನ್ನೊಂದು ಹೋಲುತ್ತವೆ ಎಂದೇ ಹೇಳಿತ್ತು. ಮೊದಲ ಅರ್ಧ ಬೇರೆ ಇದೆಯಲ್ಲ ಎಂಬ ವಾದ ನಿಲ್ಲಲಿಲ್ಲ.

4. ಲೋಗೊದಲ್ಲಿ ಚಿತ್ರವಿದ್ದರೆ ವಿಯೆನ್ನಾ ಕೋಡ್ ಮೂಲಕ ಹುಡುಕಿ. ಹಸು, ದೀಪ, ಆನೆ ಹೀಗೆ ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ ಇದೆ.

5. ರಿಜಿಸ್ಟರಿನಿಂದ ಹೊರಬಂದು ಮಾರುಕಟ್ಟೆ ನೋಡಿ. ಅಮೆಜಾನ್, ಜಸ್ಟ್‌ಡಯಲ್, ಗೂಗಲ್ ಮ್ಯಾಪ್ಸ್, ಇನ್‌ಸ್ಟಾಗ್ರಾಂ, ಕೊನೆಗೆ ನಿಮ್ಮ ಸರಕು ಮಾರುವ ಸಗಟು ಬೀದಿ. ನೋಂದಣಿ ಮಾಡಿಸದೆ ಇಪ್ಪತ್ತು ವರ್ಷದಿಂದ ಅದೇ ಹೆಸರಿನಲ್ಲಿ ಮಾರುತ್ತಿರುವ ವ್ಯಾಪಾರಿ ನಿಮಗಿಂತ ಬಲಶಾಲಿ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿದದ್ದೂ ಇದನ್ನೇ: ಮೊದಲು ಬಳಸಿದವನ ಹಕ್ಕು ನೋಂದಣಿಗಿಂತ ಮೇಲು.

ಸಿಕ್ಕ ಪ್ರತಿ ಹೆಸರಿನ ಮುಂದೆ ಅರ್ಜಿ ಸಂಖ್ಯೆ, ವರ್ಗ, ಸರಕಿನ ಪಟ್ಟಿ, ಎಂದಿನಿಂದ ಬಳಕೆ, ಈಗಿನ ಸ್ಥಿತಿ ಬರೆದುಕೊಳ್ಳಿ. ಸ್ಥಿತಿ "ಅಬ್ಯಾಂಡನ್ಡ್" ಎಂದಿದ್ದರೆ ಕುಣಿಯಬೇಡಿ. ಅರ್ಜಿ ಬಿದ್ದುಹೋದರೂ ವ್ಯಾಪಾರ ನಡೆಯುತ್ತಿರಬಹುದು. ನವೀಕರಣ ತಪ್ಪಿ ರಿಜಿಸ್ಟರಿನಿಂದ ತೆಗೆದ ಗುರುತನ್ನು ಕೂಡ ಅವಧಿ ಮುಗಿದ ಒಂದು ವರ್ಷದವರೆಗೆ ಹೊಸ ಅರ್ಜಿಗಳ ಎದುರು ಇರುವಂತೆಯೇ ಭಾವಿಸಬಹುದು.

## ಹಂತ 4: ಗೊಂದಲದ ಪರೀಕ್ಷೆ

ಪಟ್ಟಿ ಸಿದ್ಧವಾಯಿತು. ಇನ್ನು ಪ್ರತಿ ಹೆಸರನ್ನೂ ನಿಮ್ಮದರ ಜೊತೆ ಹೋಲಿಸಬೇಕು. ಹೋಲಿಸುವ ವಿಧಾನದಲ್ಲೇ ತಪ್ಪುತ್ತಾರೆ: ಎರಡು ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಎಣಿಸಲು ಕೂರುತ್ತಾರೆ. ಮೈಸೂರಿನ ಬಿಸ್ಕತ್ತು ತಯಾರಕರೊಬ್ಬರ ಮೇಲೆ ಪಾರ್ಲೆ ಹೂಡಿದ್ದ ದಾವೆಯಲ್ಲಿ ಕೆಳಗಿನ ಕೋರ್ಟುಗಳು ಮಾಡಿದ್ದೂ ಹೀಗೇ. ಎರಡೂ ಹೊದಿಕೆಗಳ ಮೇಲೆ ಹುಡುಗಿ, ದನ, ಕೋಳಿ. ಚಿತ್ರದ ವಿವರಗಳು ಬೇರೆ ಇವೆ, ಆದ್ದರಿಂದ ಗೊಂದಲವಿಲ್ಲ ಎಂದವು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುವಿಹಾಕಿತು. ಅಕ್ಕಪಕ್ಕ ಇಟ್ಟು ನೋಡಬಾರದು. ಒಟ್ಟಾರೆ ನೋಟ ಹೇಗಿದೆ, ಒಂದನ್ನು ಕಂಡಿದ್ದ ಸಾಮಾನ್ಯ ಗಿರಾಕಿ ಇನ್ನೊಂದನ್ನು ಕೊಟ್ಟರೆ ತೆಗೆದುಕೊಂಡುಬಿಡುತ್ತಾನೆಯೇ ಎಂದು ನೋಡಬೇಕು ಎಂದಿತು.

ಇದನ್ನು ಮನೆಯಲ್ಲೇ ಪರೀಕ್ಷಿಸಿ. ವ್ಯಾಪಾರದ ಗಂಧಗಾಳಿ ಇಲ್ಲದ ಒಬ್ಬರಿಗೆ ಹಳೆಯ ಬ್ರ್ಯಾಂಡಿನ ಪೊಟ್ಟಣ ತೋರಿಸಿ ಎತ್ತಿಡಿ. ಎರಡು ದಿನ ಬಿಟ್ಟು ನಿಮ್ಮದನ್ನಷ್ಟೇ ತೋರಿಸಿ, "ಇದನ್ನು ಮೊದಲು ನೋಡಿದ್ದೀರಾ" ಎಂದು ಕೇಳಿ. ಇನ್ನೊಂದು ಪರೀಕ್ಷೆ ಫೋನಿನಲ್ಲಿ: ಗದ್ದಲದ ಜಾಗದಲ್ಲಿರುವ ಪರಿಚಯದ ಕಿರಾಣಿ ಅಂಗಡಿಯವರಿಗೆ ಕರೆಮಾಡಿ ಹೆಸರು ಒಮ್ಮೆ ಮಾತ್ರ ಹೇಳಿ, ಅವರು ಬರೆದುಕೊಂಡದ್ದನ್ನು ಓದಿಸಿ. ಕೋರ್ಟಿನಲ್ಲಿ ಇವು ಸಾಕ್ಷ್ಯವಾಗುವುದಿಲ್ಲ, ನಿಮ್ಮ ಕಣ್ಣು ತೆರೆಸಲು ಸಾಕು.

ಆಮೇಲೆ ಈ ಪ್ರಶ್ನೆಗಳನ್ನು ಹಾಕಿಕೊಳ್ಳಿ. ಔಷಧದ ಪ್ರಕರಣವಾದ ಕ್ಯಾಡಿಲಾದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಪಟ್ಟಿ ಮಾಡಿದ ಅಂಶಗಳ ತಿರುಳು ಇವುಗಳಲ್ಲಿದೆ.

ಹೆಸರು ಬರೀ ಪದವೋ, ಲೇಬಲ್ಲೋ? ಉಚ್ಚಾರ, ನೋಟ, ಅರ್ಥ ಮೂರರಲ್ಲಿ ಎಷ್ಟು ಹತ್ತಿರ? ಸರಕು ಒಂದೇ ಬಗೆಯದೋ? ಕೊಳ್ಳುವವರು ಯಾರು, ಎಷ್ಟು ಓದಿದವರು, ಎಷ್ಟು ಎಚ್ಚರದಿಂದ ಕೊಳ್ಳುತ್ತಾರೆ? ಹತ್ತು ರೂಪಾಯಿ ಪೊಟ್ಟಣದ ಹೆಸರನ್ನು ಯಾರೂ ಎರಡು ಸಲ ಓದುವುದಿಲ್ಲ, ಟ್ರ್ಯಾಕ್ಟರ್ ಕೊಳ್ಳುವವನು ಓದುತ್ತಾನೆ. ಹಾಗಾಗಿ ಅಗ್ಗದ ಸರಕಿಗೆ ಪರೀಕ್ಷೆ ಬಿಗಿ. ಔಷಧಕ್ಕಂತೂ ಇನ್ನೂ ಬಿಗಿ, ಅಲ್ಲಿ ಗೊಂದಲವಾದರೆ ಹೋಗುವುದು ದುಡ್ಡಷ್ಟೇ ಅಲ್ಲ.

ಹೆಸರು ತದ್ವತ್ತು, ಸೇವೆಯೂ ತದ್ವತ್ತು ಆಗಿದ್ದರೆ ಗೊಂದಲವಿದೆ ಎಂದೇ ಕೋರ್ಟ್ ಭಾವಿಸುತ್ತದೆ, ಈ ಪರೀಕ್ಷೆಗೆ ಅವಕಾಶವೇ ಇಲ್ಲ. ಬೆಂಗಳೂರು ಮತ್ತು ಪುಟ್ಟಪರ್ತಿಯ "ಸಾಯಿ ರೆನೈಸಾನ್ಸ್" ಹೋಟೆಲ್‌ಗಳ ಮೇಲೆ ರೆನೈಸಾನ್ಸ್ ಹೋಟೆಲ್ ಸಮೂಹ ಹೂಡಿದ್ದ ದಾವೆಯಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ನೋಂದಾಯಿತ ಹೆಸರಿನ ಮುಂದೆ "ಸಾಯಿ" ಸೇರಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ. "ನ್ಯೂ", "ಶ್ರೀ", "ಒರಿಜಿನಲ್", ಊರಿನ ಹೆಸರು, ಇವನ್ನು ಮುಂದೆ ಅಂಟಿಸಿ ಪಾರಾಗುತ್ತೇವೆ ಎಂದುಕೊಂಡವರು ಈ ತೀರ್ಪನ್ನು ಓದಬೇಕು. ಡೊಮೇನ್ ಹೆಸರಿಗೂ ಇದೇ ಬಿಸಿ: ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ "ಸಿಫಿ" ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಡೊಮೇನನ್ನೂ ವ್ಯಾಪಾರದ ಗುರುತಿನಂತೆ ಕಾಪಾಡಿತು.

ಇಲ್ಲಿಗೇ ನಿಲ್ಲಿಸಿ ಎನ್ನುವ ಸೂಚನೆಗಳು: ಅದೇ ಸರಕಿನಲ್ಲಿ ಅದೇ ಉಚ್ಚಾರದ ಹೆಸರು ನೋಂದಣಿಯಾಗಿ ಬಳಕೆಯಲ್ಲೂ ಇದೆ, ಡಿಸೈನರ್ "ಆ ಫೇಮಸ್ ಬ್ರ್ಯಾಂಡ್ ಥರಾನೇ ಮಾಡಿದೀನಿ" ಎನ್ನುತ್ತಾರೆ, ಹೆಸರು ಕೇಳಿದವರು "ಅವರದೇ ಇನ್ನೊಂದು ಬ್ರ್ಯಾಂಚಾ?" ಎಂದು ಕೇಳುತ್ತಾರೆ. ಈ ಮೂರರಲ್ಲಿ ಯಾವುದೊಂದು ಕಂಡರೂ ಹೆಸರು ಬದಲಿಸಿ. ಈಗ ಬದಲಿಸಿದರೆ ಒಂದು ಸಂಜೆಯ ಕೆಲಸ.

## ಹಂತ 5: ಅರ್ಜಿ ತುಂಬುವುದು

ಫಾರಂ ಹೆಸರು ಟಿಎಂ-ಎ. ಆನ್‌ಲೈನ್ ಶುಲ್ಕ ಪ್ರತಿ ವರ್ಗಕ್ಕೆ ವ್ಯಕ್ತಿ, ಸ್ಟಾರ್ಟ್‌ಅಪ್, ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಅರ್ಜಿದಾರರ ಕಾಲಂ ಸುಲಭ ಎಂದು ಅವಸರ ಮಾಡಬೇಡಿ. ಪಾಲುದಾರಿಕೆ ಸಂಸ್ಥೆಯ ಬ್ರ್ಯಾಂಡನ್ನು ಒಬ್ಬ ತಮ್ಮನ ಹೆಸರಿನಲ್ಲಿ ಹಾಕಿ, ಮುಂದೆ ಪಾಲಾದಾಗ ಬ್ರ್ಯಾಂಡ್ ಯಾರದು ಎಂದು ಕೋರ್ಟು ಹತ್ತಿದ ಮನೆಗಳು ಬೇಕಾದಷ್ಟಿವೆ. ಸಂಸ್ಥೆ ಬಳಸುವ ಹೆಸರು ಸಂಸ್ಥೆಯ ಹೆಸರಿನಲ್ಲೇ ಇರಲಿ.

ಪದವೋ ಲೋಗೊವೋ? ಹಣ ಒಂದಕ್ಕೇ ಸಾಲುವುದಾದರೆ, ಹೆಸರು ಗಟ್ಟಿಯಾಗಿದ್ದಲ್ಲಿ ಪದಕ್ಕೇ ಹಾಕಿ. ಪದದ ನೋಂದಣಿ ಯಾವ ಅಕ್ಷರವಿನ್ಯಾಸದಲ್ಲಿ ಬರೆದರೂ ಜೊತೆಗಿರುತ್ತದೆ. ಲೇಬಲ್ ನೋಂದಣಿ ಕಾಪಾಡುವುದು ಇಡೀ ಲೇಬಲನ್ನು. ಅದರೊಳಗಿನ ಪ್ರತಿ ಪದದ ಮೇಲೆ ಬೇರೆ ಹಕ್ಕು ಬರುವುದಿಲ್ಲ. ಬಣ್ಣವನ್ನು ನಿರ್ಬಂಧವಾಗಿ ಕೇಳದೆ ನೋಂದಾಯಿಸಿದರೆ ಎಲ್ಲ ಬಣ್ಣಗಳಿಗೂ ಅನ್ವಯ. ಕನ್ನಡ ಲಿಪಿ ಇರುವ ಲೇಬಲ್ ಆದರೆ ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು, ಭಾಷೆ ಯಾವುದೆಂದೂ ಹೇಳಬೇಕು. ಇದನ್ನು ಬಿಟ್ಟು ಫಾರ್ಮಾಲಿಟಿ ತಪಾಸಣೆಯಲ್ಲೇ ಸಿಕ್ಕಿಬೀಳುವ ಅರ್ಜಿಗಳಿವೆ.

ಬಳಕೆಯ ದಿನಾಂಕದ ಕಾಲಂ ಇಡೀ ಫಾರಂನಲ್ಲಿ ಅತಿ ಬೆಲೆಬಾಳುವಂಥದ್ದು. 2016ರಿಂದ ಮಾರುತ್ತಿದ್ದರೂ ಅಫಿಡವಿಟ್ ಮಾಡಿಸುವ ತಾಪತ್ರಯ ಬೇಡವೆಂದು "ಮುಂದೆ ಬಳಸಲಿದ್ದೇವೆ" ಎಂದು ಬರೆಸುವ ಏಜೆಂಟರಿದ್ದಾರೆ. ಬರೆಸಿದಿರೋ, ಹಳೆಯ ಬಳಕೆಯ ಬಲವನ್ನು ನೀವೇ ಕೈಯಾರೆ ಕಳೆದುಕೊಂಡಂತೆ. ಹಿಂದಿನಿಂದ ಬಳಸುತ್ತಿದ್ದರೆ ಮೊದಲ ದಿನಾಂಕ ಬರೆದು, ಅಫಿಡವಿಟ್ ಮತ್ತು ದಾಖಲೆ ಲಗತ್ತಿಸಿ. ದಾಖಲೆಯಲ್ಲೂ ಒಂದು ಬಲೆ ಇದೆ. ಬಿಲ್ಲಿನಲ್ಲಿ "ಸಾಂಬಾರ್ ಪುಡಿ 200 ಗ್ರಾಂ" ಎಂದಷ್ಟೇ ಇದ್ದು ಬ್ರ್ಯಾಂಡ್ ಹೆಸರೇ ಇಲ್ಲದಿದ್ದರೆ ಅದು ಪುಡಿ ಮಾರಿದ್ದಕ್ಕೆ ಸಾಕ್ಷಿಯೇ ಹೊರತು ಆ ಹೆಸರಿನಲ್ಲಿ ಮಾರಿದ್ದಕ್ಕೆ ಅಲ್ಲ. ಇವತ್ತೇ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಐಟಂ ಹೆಸರಿನ ಮುಂದೆ ಬ್ರ್ಯಾಂಡ್ ಸೇರಿಸಿ. ಬಿಲ್ ಇಲ್ಲದ ದಿನಾಂಕವನ್ನಂತೂ ಬರೆಯಲೇಬೇಡಿ. ವಿರೋಧಿ ಮೊದಲು ಕೆದಕುವುದು ಅದನ್ನೇ.

ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಚಿಹ್ನೆ ಹಾಕಬಹುದು. ವೃತ್ತದೊಳಗಿನ ಆರ್ ಚಿಹ್ನೆ ನೋಂದಣಿ ಆಗುವವರೆಗೆ ಕೂಡದು, ಅದು ಕಾನೂನಿಗೆ ವಿರುದ್ಧ.

## ಹಂತ 6: ಪರಿಶೀಲನಾ ವರದಿಗೆ ಉತ್ತರ

ಪೋರ್ಟಲ್‌ನಲ್ಲಿ "ಆಬ್ಜೆಕ್ಟೆಡ್" ಮತ್ತು "ಅಪೋಸ್ಡ್" ಎಂಬ ಎರಡು ಸ್ಥಿತಿಗಳು ಕಾಣುತ್ತವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ಕಚೇರಿಯ ಪರಿಶೀಲಕರ ಆಕ್ಷೇಪಣೆ, ಎರಡನೆಯದು ಹೊರಗಿನವರ ವಿರೋಧ. ಗಡುವೂ ಬೇರೆ, ಉತ್ತರವೂ ಬೇರೆ.

ವರದಿ ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು. ವರದಿ ಇಮೇಲಿಗೆ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮ್ ಪೆಟ್ಟಿಗೆಗೆ. ಏಜೆಂಟರು ತಮ್ಮದೇ ಇಮೇಲ್ ಕೊಟ್ಟಿದ್ದರೆ ನಿಮಗೆ ಸುದ್ದಿಯೇ ಇರುವುದಿಲ್ಲ. ವಾರಕ್ಕೊಮ್ಮೆ ಅರ್ಜಿ ಸಂಖ್ಯೆ ಹಾಕಿ ಸ್ಥಿತಿ ನೋಡುವ ರೂಢಿ ಇಟ್ಟುಕೊಳ್ಳಿ.

ಹೋಲಿಕೆಯ ಆಕ್ಷೇಪಣೆ ಬರುವುದು ಕಲಂ 11ರ ಅಡಿ. ವರದಿಯ ಕೊನೆಗೆ ಯಾವ ಯಾವ ಗುರುತುಗಳನ್ನು ಹೋಲುತ್ತದೆ ಎಂಬ ಪಟ್ಟಿ ಇರುತ್ತದೆ. ಒಂದೊಂದನ್ನೇ ತೆಗೆದುಕೊಳ್ಳಿ. ಅದು ಇನ್ನೂ ಜೀವಂತವಾಗಿದೆಯೇ? ಅದರ ಸರಕು ಯಾವುದು? ಅವರ ಬಳಕೆ ನಿಮ್ಮದಕ್ಕಿಂತ ಹಿಂದಿನದೋ ಮುಂದಿನದೋ? ಅದೇ ಪದವಿಟ್ಟುಕೊಂಡು ಬೇರೆ ಹತ್ತು ಮಂದಿ ನೋಂದಣಿ ಪಡೆದಿದ್ದಾರೆಯೇ? ಸಿಕ್ಕ ಉತ್ತರಕ್ಕೆ ತಕ್ಕಂತೆ ವಾದ ಕಟ್ಟಿ. ಸರಕಿನ ಪಟ್ಟಿಯನ್ನು ಕಿರಿದು ಮಾಡಿದರೆ ಘರ್ಷಣೆ ತಪ್ಪುವುದಾದರೆ ಟಿಎಂ-ಎಂ ಫಾರಂನಲ್ಲಿ ಕಿರಿದು ಮಾಡಿ. ಹಳೆಯ ಗುರುತಿನ ಮಾಲೀಕರು ಲಿಖಿತ ಒಪ್ಪಿಗೆ ಕೊಟ್ಟರೆ ಅದನ್ನೂ ಪರಿಗಣಿಸಬಹುದು. ಇಬ್ಬರೂ ಪ್ರಾಮಾಣಿಕವಾಗಿ ಬಹುಕಾಲದಿಂದ ಬಳಸುತ್ತಿದ್ದರೆ ಇಬ್ಬರಿಗೂ ನೋಂದಣಿ ಕೊಡಬಹುದಾದ ಕಲಂ 12ರ ದಾರಿ ಇದೆ. ಅಮೃತಧಾರಾ ಪ್ರಕರಣದಲ್ಲಿ ಹೆಸರುಗಳು ಹೋಲುತ್ತವೆ ಎಂದಾದ ಮೇಲೂ ಲಕ್ಷ್ಮಣಧಾರಾಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ಸಿಕ್ಕಿದ್ದು ಇಂಥ ಕಾರಣದಿಂದಲೇ.

ಅಂತರ್ಜಾಲದಿಂದ ನಕಲು ಮಾಡಿದ "ನಮ್ಮ ಗುರುತು ಸಂಪೂರ್ಣ ಭಿನ್ನವಾಗಿದೆ" ಎಂಬ ಸಿದ್ಧ ಉತ್ತರ ಕಳಿಸಬೇಡಿ. ಇವತ್ತು ಬರೆದ ಮಾತು ನಾಳೆ ನಿಮ್ಮ ಕಾಲಿಗೇ ತೊಡರುತ್ತದೆ. ನೋಂದಣಿಗಾಗಿ "ಎರಡಕ್ಕೂ ಹೋಲಿಕೆಯೇ ಇಲ್ಲ" ಎಂದು ಬರೆದು, ಆಮೇಲೆ ಅದೇ ಗುರುತಿನವರ ಮೇಲೆ "ನಮ್ಮನ್ನು ಹೋಲುತ್ತಾರೆ" ಎಂದು ದಾವೆ ಹೂಡಿ ತಡೆಯಾಜ್ಞೆ ಕೇಳುವಂತಿಲ್ಲ ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರಲ್ಲಿ ಹೇಳಿದೆ.

ಉತ್ತರ ಸಾಲದಿದ್ದರೆ ವಿಚಾರಣೆಗೆ ಕರೆಯುತ್ತಾರೆ, ವಿಡಿಯೊ ಕರೆಯಲ್ಲೇ ನಡೆಯುತ್ತದೆ. ದಿನಾಂಕ ತಪ್ಪಿಸಬೇಡಿ.

## ಹಂತ 7: ಜರ್ನಲ್ ಮತ್ತು ನಾಲ್ಕು ತಿಂಗಳು

ಒಪ್ಪಿಗೆಯಾದ ಗುರುತು ವಾರಕ್ಕೊಮ್ಮೆ ಬರುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳವರೆಗೆ ಯಾರು ಬೇಕಾದರೂ ಟಿಎಂ-ಒ ಫಾರಂನಲ್ಲಿ ವಿರೋಧಿಸಬಹುದು. ಆನ್‌ಲೈನ್ ಶುಲ್ಕ ವರ್ಗಕ್ಕೆ 2,700 ರೂಪಾಯಿ. ಗಡುವು ವಿಸ್ತರಣೆಯಾಗುವುದಿಲ್ಲ.

ನಿಮ್ಮ ಅರ್ಜಿಗೆ ವಿರೋಧ ಬಂದರೆ, ನೋಟಿಸ್ ಕೈಸೇರಿದ ಎರಡು ತಿಂಗಳೊಳಗೆ ಪ್ರತಿ ಹೇಳಿಕೆ ಸಲ್ಲಿಸಲೇಬೇಕು. ಸಲ್ಲಿಸದಿದ್ದರೆ ಅರ್ಜಿ ಕೈಬಿಟ್ಟಂತೆ. ಗುಣದೋಷದ ಮಾತೇ ಬರದೆ ಎಷ್ಟೋ ಒಳ್ಳೆಯ ಅರ್ಜಿಗಳು ಸಾಯುವುದು ಇಲ್ಲಿ. ಆನಂತರ ವಿರೋಧಿ ಎರಡು ತಿಂಗಳಲ್ಲಿ ತನ್ನ ಸಾಕ್ಷ್ಯ ಕೊಡಬೇಕು, ಆಮೇಲೆ ನಿಮಗೆ ಎರಡು ತಿಂಗಳು, ಪ್ರತ್ಯುತ್ತರ ಸಾಕ್ಷ್ಯಕ್ಕೆ ಅವರಿಗೆ ಇನ್ನೊಂದು ತಿಂಗಳು.

ಜರ್ನಲ್‌ನಲ್ಲಿ ಹೆಸರು ಬಂದ ಕೂಡಲೇ ಸರ್ಕಾರಿ ಮುದ್ರೆಯಂತೆ ಕಾಣುವ ಕಾಗದ, ಇಮೇಲ್, ವಾಟ್ಸ್ಆ್ಯಪ್ ಸಂದೇಶಗಳು ಬರಬಹುದು: "ಪ್ರಕಟಣಾ ಶುಲ್ಕ ಕಟ್ಟಿ", "ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲು ಇಷ್ಟು". ಪೋರ್ಟಲ್‌ನಲ್ಲಿ ಕಾಣದ ಯಾವ ಶುಲ್ಕವನ್ನೂ ಕಟ್ಟಬೇಡಿ.

ನೋಂದಣಿ ಸಿಕ್ಕರೆ ಅರ್ಜಿಯ ದಿನದಿಂದ 10 ವರ್ಷ. ಪ್ರತಿ 10 ವರ್ಷಕ್ಕೆ ನವೀಕರಣ. ಐದು ವರ್ಷ ಮೂರು ತಿಂಗಳು ಬಳಸದೇ ಬಿಟ್ಟರೆ ಕಲಂ 47ರ ಅಡಿ ಯಾರಾದರೂ ತೆಗೆಸಿಹಾಕಬಹುದು.

## ಹಂತ 8: ಬೇರೆಯವರು ನಿಮ್ಮ ಹೆಸರಿನಂತೆ ಇಟ್ಟರೆ

ಗೊಂದಲ ಶುರುವಾದದ್ದು ಮೊದಲು ಗೊತ್ತಾಗುವುದು ಸಣ್ಣ ಸಂಗತಿಗಳಿಂದ. ನೀವು ಮಾರದ ಸರಕಿನ ಬಗ್ಗೆ ದೂರು ಬರುತ್ತದೆ. ಗೂಗಲ್‌ನಲ್ಲಿ ಇನ್ನೊಬ್ಬರ ತಪ್ಪಿಗೆ ನಿಮಗೆ ಒಂದು ಸ್ಟಾರ್ ಬೀಳುತ್ತದೆ. ಡಿಸ್ಟ್ರಿಬ್ಯೂಟರ್ ಕರೆಮಾಡಿ "ಹೊಸ ಪ್ಯಾಕಿಗೆ ರೇಟು ಕಮ್ಮಿ ಮಾಡಿದ್ರಾ" ಎನ್ನುತ್ತಾರೆ. ಯಾರದೋ ರಿಟರ್ನ್ ಪಾರ್ಸೆಲ್ ನಿಮ್ಮ ಗೋಡೌನಿಗೆ ಬರುತ್ತದೆ. ಇವನ್ನು ಬೈದು ಮರೆತುಬಿಡಬೇಡಿ. ಪ್ರತಿಯೊಂದನ್ನೂ ದಿನಾಂಕದೊಂದಿಗೆ ಕಾಯ್ದಿಡಿ, ಸ್ಕ್ರೀನ್‌ಶಾಟ್ ಇರುವ ಮೂಲ ಫೋನನ್ನೂ ಉಳಿಸಿಕೊಳ್ಳಿ. ಕೋರ್ಟಿಗೆ ಡಿಜಿಟಲ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಅವರ ಸರಕನ್ನು ಬಿಲ್ ಸಮೇತ ಕೊಂಡು, ಸೀಲ್ ಒಡೆಯದೆ ಇಡಿ. ಆಮೇಲೆ ರಿಜಿಸ್ಟರಿನಲ್ಲಿ ಅವರ ಅರ್ಜಿ ಇದೆಯೇ ನೋಡಿ. ಜರ್ನಲ್‌ನ ನಾಲ್ಕು ತಿಂಗಳು ಮುಗಿದಿಲ್ಲದಿದ್ದರೆ ವಿರೋಧವೇ ಅಗ್ಗದ ಅಸ್ತ್ರ.

ನಿಮ್ಮದು ನೋಂದಣಿಯಾಗಿದ್ದರೆ ಉಲ್ಲಂಘನೆಯ ದಾವೆ. ಆಗಿಲ್ಲದಿದ್ದರೆ ಪಾಸಿಂಗ್ ಆಫ್ ದಾವೆ, ಅಂದರೆ ನಿಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿರುವ ಒಳ್ಳೆಯ ಹೆಸರನ್ನು ಅವರು ದಾರಿ ತಪ್ಪಿಸುವಂತೆ ಬಳಸಿಕೊಂಡಿದ್ದಾರೆ, ನಿಮಗೆ ನಷ್ಟವಾಗಿದೆ ಎಂದು ಸಾಬೀತುಮಾಡಬೇಕು. ಎರಡೂ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ಉಲ್ಲಂಘನೆಯ ದಾವೆಯನ್ನು ನಿಮ್ಮ ವ್ಯಾಪಾರ ಇರುವ ಊರಿನಲ್ಲೇ ಹೂಡಬಹುದು, ಪಾಸಿಂಗ್ ಆಫ್‌ಗೆ ಆ ಅನುಕೂಲ ಇಲ್ಲ. ತುರ್ತು ತಡೆಯಾಜ್ಞೆ ಬೇಡದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ವಕೀಲರ ನೋಟಿಸ್ ಕಳಿಸುವ ಮುನ್ನ ಎದುರಿಗಿರುವವರು ಯಾರು ಎಂದು ಅಳೆಯಿರಿ. ಗೊತ್ತಿಲ್ಲದೆ ಹೆಸರಿಟ್ಟ ಸಣ್ಣ ವ್ಯಾಪಾರಿಯಾದರೆ ಸಭ್ಯವಾದ ಒಂದು ಪತ್ರದಲ್ಲೇ ಮುಗಿಯುತ್ತದೆ. ನಿಮ್ಮ ಪೊಟ್ಟಣವನ್ನೇ ನಕಲು ಹೊಡೆಯುವವರಾದರೆ ನೋಟಿಸ್ ಎಂದರೆ ಸ್ಟಾಕ್ ಬಚ್ಚಿಡಲು ಕೊಟ್ಟ ಸಮಯ. ಅಂಥ ಕಡೆ ನೇರ ಕೋರ್ಟಿಗೆ ಹೋಗಿ. ಆಧಾರವಿಲ್ಲದೆ ಬೆದರಿಕೆ ನೋಟಿಸ್ ಕೊಟ್ಟರೆ ಕಲಂ 142ರ ಅಡಿ ಅವರೇ ನಿಮ್ಮ ಮೇಲೆ ದಾವೆ ಹೂಡಬಹುದು. ಪೊಲೀಸರ ಮೂಲಕ ಮುಟ್ಟುಗೋಲು ಬೇಕೆಂದರೆ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ಬೇಕು, ಅವರು ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು.

ತಡ ಮಾಡುವುದು ಇಲ್ಲಿನ ದೊಡ್ಡ ತಪ್ಪು. ಬೆಂಗಳೂರಿನ ಖೋಡೆ ಕಂಪನಿಯ "ಪೀಟರ್ ಸ್ಕಾಟ್" ವಿಸ್ಕಿ 1968ರಿಂದ ಮಾರಾಟದಲ್ಲಿತ್ತು. ಸ್ಕಾಚ್ ವಿಸ್ಕಿ ಸಂಘದವರಿಗೆ 1974ರಲ್ಲೇ ವಿಷಯ ತಿಳಿದಿದ್ದರೂ ನೋಂದಣಿ ರದ್ದತಿಗೆ ಅರ್ಜಿ ಹಾಕಿದ್ದು 1986ರಲ್ಲಿ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು: 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಪರ ತೀರ್ಪಿತ್ತಾಗ ಆ ವಿಳಂಬವೂ ಒಂದು ಮುಖ್ಯ ಕಾರಣವಾಗಿತ್ತು.

## ಹಂತ 9: ನಿಮಗೇ ನೋಟಿಸ್ ಬಂದರೆ

ಕಸದ ಬುಟ್ಟಿಗೆ ಹಾಕಬೇಡಿ. ಕೋಪದಲ್ಲಿ ಅವತ್ತೇ ವಾಟ್ಸ್ಆ್ಯಪ್‌ನಲ್ಲಿ ಉತ್ತರಿಸಬೇಡಿ. "ಗೊತ್ತಿತ್ತು, ಆದರೆ…" ಎಂದು ಶುರುವಾಗುವ ಒಂದು ಸಾಲು ಸಾಕು, ನಿಮ್ಮ ಪ್ರಾಮಾಣಿಕತೆಯ ವಾದ ಕುಸಿಯಲು.

ಮೊದಲು ಅವರ ನೋಂದಣಿ ತೆಗೆದು ನೋಡಿ. ನಿಜಕ್ಕೂ ನೋಂದಣಿಯಾಗಿದೆಯೋ, ಬರೀ ಅರ್ಜಿಯೋ? ಯಾವ ಸರಕಿಗೆ? ಷರತ್ತುಗಳೇನು? ಐದು ವರ್ಷದಿಂದ ಬಳಕೆಯಲ್ಲಿದೆಯೇ? ಆಮೇಲೆ ನಿಮ್ಮ ಮೊದಲ ಬಳಕೆಯ ದಾಖಲೆ ಹುಡುಕಿ. ಅವರು ಬಳಸಲು ಶುರುಮಾಡಿದ ದಿನ ಮತ್ತು ನೋಂದಣಿಯ ದಿನ, ಇವೆರಡರಲ್ಲಿ ಮೊದಲಿನದಕ್ಕಿಂತ ಮುಂಚೆಯಿಂದ ನೀವು ನಿರಂತರವಾಗಿ ಬಳಸುತ್ತಿದ್ದರೆ ಕಲಂ 34 ನಿಮ್ಮ ರಕ್ಷಣೆಗಿದೆ. ಸ್ವಂತ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರಿಗೆ ಕಲಂ 35 ಇದೆ.

ನಿಮಗೆ ತಿಳಿಯದಂತೆ ಏಕಪಕ್ಷೀಯ ತಡೆಯಾಜ್ಞೆ ಬರಬಹುದೆಂಬ ಅಳುಕಿದ್ದರೆ, ದಾವೆ ಹೂಡಬಹುದಾದ ಕೋರ್ಟುಗಳಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಮನವಿ) ಹಾಕಿಸಿ. ಅದು 90 ದಿನ ಊರ್ಜಿತ.

ದಾಖಲೆಗಳು ನಿಮ್ಮ ಕಡೆ ಇಲ್ಲವೆಂದು ವಕೀಲರು ಹೇಳಿದರೆ ಹಟ ಬೇಡ, ಬೇಗ ರಾಜಿಗೆ ಕೂರಿ. ಮಾತುಕತೆಯಲ್ಲಿ ಕೇಳಬೇಕಾದ್ದು ಮೂರು: ಅಚ್ಚಾದ ಲೇಬಲ್ ಮತ್ತು ಸ್ಟಾಕ್ ಮುಗಿಸಲು ಕಾಲಾವಕಾಶ, ಹಿಂದಿನ ಮಾರಾಟಕ್ಕೆ ಪರಿಹಾರ ಕೇಳುವುದಿಲ್ಲ ಎಂಬ ಲಿಖಿತ ಮಾತು, ಹೊಸ ಹೆಸರಿಗೆ ಆಕ್ಷೇಪವಿಲ್ಲ ಎಂಬ ಒಪ್ಪಿಗೆ. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಹೊಸ ಹೆಸರನ್ನು ಹಂತ 3 ಮತ್ತು 4ರಲ್ಲಿ ಹಾಯಿಸಿ, ಎದುರು ಪಕ್ಷದ ಸಹಿ ಬಿದ್ದ ಮೇಲಷ್ಟೇ ಪ್ರೆಸ್ಸಿಗೆ ಕಳಿಸಿ.